ಗುಳಿಗೆ ಕೊಟ್ಟಾಯಿತು, ಉತ್ತರ ಕೊಡುವುದನ್ನು ಕಲಿಸುವವರು ಯಾರು?

ವಿಜಯಪುರ ಜಿಲ್ಲೆಯ ಜನ ದೊಡ್ಡ ಕಾಯಿಲೆ ಬಂದಾಗ ಹಿಡಿಯುವ ದಾರಿ ತಾಲ್ಲೂಕಿಗೊಂದು. ಇಂಡಿ ಕಡೆಯವರು ಸೊಲ್ಲಾಪುರದ ಬಸ್ಸು ಹತ್ತುತ್ತಾರೆ. ಸಿಂದಗಿಯವರಿಗೆ ಒಂದೇ ರಸ್ತೆಯ ಈ ತುದಿಗೆ ವಿಜಯಪುರ, ಆ ತುದಿಗೆ ಕಲಬುರಗಿ. ಮುದ್ದೇಬಿಹಾಳದವರಲ್ಲಿ ಬಾಗಲಕೋಟೆಗೆ ಹೋಗುವವರೂ ಇದ್ದಾರೆ. ಬಸವನ ಬಾಗೇವಾಡಿಯವರಿಗೆ ವಿಜಯಪುರವೇ ಹತ್ತಿರ. ತೋರಿಸಿಕೊಂಡು ಊರಿಗೆ ಮರಳುವಾಗ ಕೈಯಲ್ಲೊಂದು ಚೀಟಿ, ಚೀಲದಲ್ಲಿ ತಿಂಗಳಿಗಾಗುವಷ್ಟು ಗುಳಿಗೆ. ದೊಡ್ಡ ಡಾಕ್ಟರ ಮುಂದೆ ಕೂತಾಗ ಬಾಯಿಗೆ ಬಾರದ ಪ್ರಶ್ನೆಗಳು ಮನೆಗೆ ಬಂದು ಉಂಡು ಕೂತ ಮೇಲೆ ಒಂದೊಂದಾಗಿ ಏಳುತ್ತವೆ. ಹಳೇ ಬಿ.ಪಿ. ಗುಳಿಗೆ ಬಿಡಬೇಕೋ, ಹೊಸದರ ಜೊತೆಗೇ ನುಂಗಬೇಕೋ? ಉಪವಾಸದ ದಿನ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಏನು ಮಾಡುವುದು? ಚೀಟಿ ಬರೆದ ಡಾಕ್ಟರು ಈಗ ಬಹಳ ದೂರ. ಹತ್ತಿರ ಇರುವುದು ಬಸ್‌ಸ್ಟ್ಯಾಂಡ್ ಎದುರಿನ ಮೆಡಿಕಲ್ ಅಂಗಡಿ, ಇಲ್ಲವೇ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿ. ಅಲ್ಲಿ ನಿಂತಿರುವುದು ಎಷ್ಟೋ ಸಲ ಡಿ.ಫಾರ್ಮ್ ಮುಗಿಸಿ ವರ್ಷವೋ ಎರಡು ವರ್ಷವೋ ಆದ ಹುಡುಗ ಅಥವಾ ಹುಡುಗಿ.

“ತಮ್ಮಾ, ಇದನ್ನ ಊಟಕ್ಕ ಮೊದಲ ತಗೋಬೇಕೇನ, ಉಂಡ ಮ್ಯಾಲ?” ಅನ್ನುವುದರಿಂದ ಹಿಡಿದು, ಅನುಭವಿ ಡಾಕ್ಟರು ಕೂಡ ಪುಸ್ತಕ ತೆಗೆಯದೆ ಹೇಳಲಾಗದ ಸಂಗತಿಗಳವರೆಗೆ ಎಲ್ಲವೂ ಆ ಕಿಟಕಿಗೆ ಬರುತ್ತವೆ. ಉತ್ತರವೂ ಸಿಗುತ್ತದೆ, ಅರ್ಧ ನಿಮಿಷದಲ್ಲಿ. ಆ ಉತ್ತರ ಎಲ್ಲಿಂದ ಬಂತು, ಸರಿಯಾಗಿತ್ತೇ, ಕೇಳಿದವರ ಸ್ಥಿತಿಗೆ ಹೊಂದುತ್ತಿತ್ತೇ ಎಂದು ಹಿಂತಿರುಗಿ ನೋಡುವವರು ಇಲ್ಲ. ಔಷಧದ ಬಗ್ಗೆ ವಿಚಾರಿಸಿದವರಿಗೆ ಹುಡುಕಿ, ತೂಗಿ, ಉತ್ತರ ಹೇಳುವುದು ಒಂದು ಕಸುಬು. ಅದನ್ನು ಕಲಿಸಲು ಬರುತ್ತದೆ. ಕಲಿಸುವ ಕ್ರಮ ಜಗತ್ತಿನಲ್ಲಿ ಅರವತ್ತು ವರ್ಷಗಳಿಂದ ಇದೆ, ಕರ್ನಾಟಕಕ್ಕೆ ಬಂದೇ ಕಾಲು ಶತಮಾನ ದಾಟಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಬೇರೂರಿದ ಈ ವಿದ್ಯೆಯನ್ನು ಪ್ರಶ್ನೆಗಳು ನಿಜವಾಗಿ ಹುಟ್ಟುವ ತಾಲ್ಲೂಕು ಊರುಗಳಿಗೆ ತರುವುದು ಹೇಗೆ ಎಂಬುದನ್ನು ಇಲ್ಲಿ ನೋಡಬೇಕಾಗಿದೆ.

ಮೊದಲು ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ. ಹೆಣ್ಣುಮಗಳೊಬ್ಬಳು ಕಿಟಕಿಗೆ ಬಂದು ಕೇಳುತ್ತಾಳೆ: “ಅಣ್ಣಾರ, ಮಾಲಾ ಗುಳಿಗಿ ಬ್ಯಾರೆ ಗುಳಿಗಿ ಜೋಡಿ ತಗೊಂಡ್ರ ನಡೀತೈತೇನ್ರಿ?” ಸರ್ಕಾರ ಉಚಿತವಾಗಿ ಕೊಡುವ ಸಂತಾನ ನಿರೋಧಕ ಗುಳಿಗೆ ಮಾಲಾ-ಎನ್. ಗಡಿಬಿಡಿಯಲ್ಲಿರುವ ಹುಡುಗ “ಹ್ಞೂಂ, ನಡೀತೈತಿ” ಅಂದುಬಿಡುತ್ತಾನೆ. ಬಹಳಷ್ಟು ಗುಳಿಗೆಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಆಕೆಯ “ಬ್ಯಾರೆ ಗುಳಿಗಿ” ಯಾವುದು? ಎರಡು ಸಲ ಕೇಳಿದ ಮೇಲೆ, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ಹೇಳುತ್ತಾಳೆ: ಕ್ಷಯದ ಗುಳಿಗೆ. ಅಲ್ಲಿಗೆ ಇಡೀ ಪ್ರಶ್ನೆಯೇ ಬದಲಾಯಿತು. ಕ್ಷಯದ ಚಿಕಿತ್ಸೆಯ ಬೆನ್ನೆಲುಬಾದ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆ ಕಿಣ್ವಗಳು ಮಾಲಾದಲ್ಲಿರುವ ಹಾರ್ಮೋನುಗಳನ್ನು ಬೇಗ ಬೇಗ ಒಡೆದುಹಾಕುತ್ತವೆ. ದಿನ ತಪ್ಪದೆ ಗುಳಿಗೆ ನುಂಗಿಯೂ ಆಕೆ ಬಸುರಾಗಬಹುದು. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು 4 ವಾರ ಈ ಪರಿಣಾಮ ಉಳಿಯುತ್ತದೆ.

“ಹಾಗಾದರೆ ಮಾಲಾ ಬೇಡ” ಎಂದು ಹೇಳಿದರೆ ಮುಗಿಯಿತೇ? ಇಲ್ಲ, ಆಕೆಗೆ ಬೇಕಿರುವುದು ಈ ಆರು ತಿಂಗಳು ಬಸುರಾಗದಿರುವ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ತೆಗೆದರೆ ಅಲ್ಲಿ ಸಿಗುತ್ತದೆ: ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿಗೆ, ಅಂದರೆ ನಮ್ಮ ಸರ್ಕಾರಿ ಆಸ್ಪತ್ರೆಗಳ ‘ಅಂತರಾ’ಕ್ಕೆ, ರಿಫಾಂಪಿಸಿನ್‌ನಿಂದ ತೊಂದರೆಯಿಲ್ಲ. ಕಾಪರ್-ಟಿಗೂ ಇಲ್ಲ. ಇಲ್ಲಿ ಇನ್ನೊಂದು ತಿರುವಿದೆ. ಆಕೆಗಿರುವುದು ಶ್ವಾಸಕೋಶದ ಕ್ಷಯವೋ, ಕಿಬ್ಬೊಟ್ಟೆಯ, ಗರ್ಭಕೋಶದ ಕ್ಷಯವೋ? ಎರಡನೆಯದಾದರೆ ಕಾಪರ್-ಟಿ ಹಾಕುವಂತಿಲ್ಲ. ಮುಟ್ಟು ಕಳೆದ ತಿಂಗಳು ಆಗಿತ್ತೇ ಎಂಬುದನ್ನೂ ಕೇಳಬೇಕು. ಆಗಿರದಿದ್ದರೆ ಮೊದಲು ಬಸಿರಿನ ಪರೀಕ್ಷೆ. ಕೊನೆಗೆ, ಈ ನಿರ್ಧಾರ ಫಾರ್ಮಾಸಿಸ್ಟ್‌ನದಲ್ಲ. ತಾನು ಕಂಡುಕೊಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಆಕೆಯ ಕೈಗೆ ಕೊಟ್ಟು ವೈದ್ಯಾಧಿಕಾರಿಯ ಬಳಿ ಕಳಿಸಬೇಕು, ಅಲ್ಲಿಯವರೆಗೆ ನಿರೋಧ್ ಬಳಸುವಂತೆ ಹೇಳಬೇಕು, ವಾರದ ಮೇಲೆ ಏನಾಯಿತೆಂದು ವಿಚಾರಿಸಬೇಕು.

“ಹ್ಞೂಂ, ನಡೀತೈತಿ” ಎಂಬ ಉತ್ತರಕ್ಕೂ ಇದಕ್ಕೂ ನಡುವೆ ಇರುವುದು ಬುದ್ಧಿವಂತಿಕೆಯ ಅಂತರವಲ್ಲ. ರಿಫಾಂಪಿಸಿನ್ ಕಿಣ್ವಗಳನ್ನು ಚುರುಕುಗೊಳಿಸುತ್ತದೆಂದು ಆ ಹುಡುಗ ಪರೀಕ್ಷೆಯಲ್ಲಿ ಬರೆದೇ ಪಾಸಾಗಿರುತ್ತಾನೆ. ಅವನಿಗೆ ಯಾರೂ ಕಲಿಸದೆ ಉಳಿದದ್ದು, ಕೇಳಿದ ಪ್ರಶ್ನೆಯ ಹಿಂದಿರುವ ಪ್ರಶ್ನೆಯನ್ನು ಹೊರತೆಗೆಯುವುದು.

ಈ ಕ್ರಮವನ್ನು 1975ರಲ್ಲಿ ಅಮೆರಿಕದ ಆಸ್ಪತ್ರೆ ಫಾರ್ಮಸಿ ಪತ್ರಿಕೆಯೊಂದರಲ್ಲಿ ವಾಟಾನಬೆ ಮತ್ತು ಸಂಗಡಿಗರು ಹಂತ ಹಂತವಾಗಿ ಬರೆದಿಟ್ಟರು. ಕೇಳಿದವರು ಯಾರು ಎಂದು ತಿಳಿ, ಪ್ರಶ್ನೆ ಯಾವ ಬಗೆಯದೆಂದು ಗುರುತಿಸು, ಹಿನ್ನೆಲೆ ಕೇಳು, ಕ್ರಮವಾಗಿ ಹುಡುಕು, ಸಿಕ್ಕದ್ದನ್ನು ತೂಗಿ ಉತ್ತರ ಕಟ್ಟು. ಮುಂದೆ ಬಂದವರು ಇದಕ್ಕೆ ಇನ್ನೆರಡು ಹಂತ ಸೇರಿಸಿದರು: ನಿಜವಾದ ಪ್ರಶ್ನೆ ಯಾವುದೆಂದು ಮತ್ತೆ ಗಟ್ಟಿ ಮಾಡಿಕೊಳ್ಳುವುದು, ಉತ್ತರ ಕೊಟ್ಟ ಮೇಲೆ ಏನಾಯಿತೆಂದು ನೋಡುವುದು. ಕಾಗದದ ಮೇಲೆ ನೋಡಿದರೆ ಇಷ್ಟಕ್ಕೆ ತರಬೇತಿ ಬೇಕೇ ಅನ್ನಿಸುತ್ತದೆ. ಸಂಜೆ ಏಳು ಗಂಟೆಗೆ ಅಂಗಡಿ ಮುಂದೆ ಎಂಟು ಜನ ನಿಂತಿದ್ದಾಗ ಮೂರನೆಯ ಹಂತ ತಾನಾಗಿ ಬಿಟ್ಟುಹೋಗುತ್ತದೆ. ತರಬೇತಿಯ ಹೆಚ್ಚಿನ ಪಾಲು ಆ ಮೂರನೆಯ ಹಂತವನ್ನು ಅಭ್ಯಾಸಕ್ಕೆ ತರುವುದೇ ಆಗಬೇಕು ಎಂಬುದು ನನ್ನ ನಂಬಿಕೆ. ಬಸುರಿಯೇ? ಹಾಲುಣಿಸುತ್ತಿದ್ದಾಳೆಯೇ? ಮಗುವಿನ ತೂಕವೆಷ್ಟು? ಕಿಡ್ನಿ ತೊಂದರೆ ಇದೆಯೇ? ಬೇರೆ ಯಾವ ಔಷಧ, ನಾಟಿ ಔಷಧವೂ ಸೇರಿದಂತೆ, ನಡೆದಿದೆ? ಈ ಐದು ಮಾತು ನಾಲಗೆಯ ತುದಿಯಲ್ಲಿ ನಿಂತರೆ ಅರ್ಧ ಕೆಲಸವಾದಂತೆ.

ಔಷಧ ಮಾಹಿತಿ ಕೇಂದ್ರ ಎಂಬುದು ಮೊದಲು ಹುಟ್ಟಿದ್ದು 1962ರಲ್ಲಿ, ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ. ವೈದ್ಯರು, ನರ್ಸ್‌ಗಳು ಕೇಳಿದ್ದಕ್ಕೆ ಫಾರ್ಮಾಸಿಸ್ಟರು ಹುಡುಕಿ ಉತ್ತರಿಸುವ ವ್ಯವಸ್ಥೆ. ಬ್ರಿಟನ್ನಿನಲ್ಲಿ ಇದು ದೇಶವ್ಯಾಪಿ ಜಾಲವಾಗಿ ಬೆಳೆಯಿತು. ಅಲ್ಲಿ ಹೊಸ ಫಾರ್ಮಾಸಿಸ್ಟರಿಗೆಂದೇ ಅಭ್ಯಾಸ ಪುಸ್ತಕ ಮಾಡಿದರು. ಹೊಸಬರು ತೆಗೆದುಕೊಂಡ ಪ್ರತಿ ವಿಚಾರಣೆಯನ್ನು, ಉತ್ತರ ಹೊರಗೆ ಹೋಗುವ ಮುನ್ನ, ಹಿರಿಯರೊಬ್ಬರು ನೋಡಿ ಸಹಿ ಹಾಕುವ ರೂಢಿ ಅಲ್ಲಿ ಬೆಳೆದು ಬಂತು. ಎಷ್ಟೋ ಸಾಧನಗಳು ಬಂದಿವೆ, ಹೋಗಿವೆ. ಆ ಹಿರಿಯರ ಕಣ್ಣಿನಷ್ಟು ಕಲಿಸಿದ್ದು ಬೇರೊಂದಿಲ್ಲ.

ಕರ್ನಾಟಕದ ಕಥೆ ಮೈಸೂರಿನಿಂದ ಶುರು. ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ನಡುವಿನಲ್ಲಿ ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಸ್ನಾತಕೋತ್ತರ ಪಾಠ ಆರಂಭಿಸಿ, ವಿದ್ಯಾರ್ಥಿಗಳನ್ನು ಪ್ರಯೋಗಾಲಯದಿಂದ ಎಬ್ಬಿಸಿ ಆಸ್ಪತ್ರೆಯ ವಾರ್ಡುಗಳಿಗೆ ಕಳಿಸಿತು. ಆಸ್ಟ್ರೇಲಿಯಾದ ಅಡಿಲೇಡ್‌ನ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯ ಫಾರ್ಮಾಸಿಸ್ಟರು ಇದಕ್ಕೆ ಹೆಗಲು ಕೊಟ್ಟರು. ಜಿ. ಪಾರ್ಥಸಾರಥಿ, ಕರಿನ್ ನೈಫೋರ್ಟ್-ಹ್ಯಾನ್ಸೆನ್, ಮಿಲಾಪ್ ನಹಾತಾ ಸಂಪಾದಿಸಿ 2004ರಲ್ಲಿ ಬಂದ ಕ್ಲಿನಿಕಲ್ ಫಾರ್ಮಸಿ ಪಠ್ಯಪುಸ್ತಕ ಆ ಒಡನಾಟದ ಫಲ. ಇಂದಿಗೂ ದೇಶದ ಫಾರ್ಮಸಿ ವಿದ್ಯಾರ್ಥಿಗಳ ಕೈಯಲ್ಲಿ ಅದು ಇದೆ. 1997ರಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ಬೆಂಗಳೂರಿನಲ್ಲಿ ತನ್ನದೇ ಔಷಧ ಮಾಹಿತಿ ಕೇಂದ್ರ ತೆರೆಯಿತು. ಫಾರ್ಮಾಸಿಸ್ಟರ ನೋಂದಣಿ ಮಾಡುವ ಸಂಸ್ಥೆಯೇ ಅವರ ಪ್ರಶ್ನೆಗಳಿಗೂ ಉತ್ತರ ಹೇಳಬೇಕು ಎಂದು ಹೊರಟದ್ದು ಸಣ್ಣ ಮಾತಲ್ಲ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ನಡೆದ ಸೇವೆಯ ಮೌಲ್ಯಮಾಪನ 2005ರಲ್ಲಿ ಭಾರತೀಯ ಔಷಧಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ಪದವಿ ಬಂದು, ಔಷಧ ಮತ್ತು ವಿಷ ಮಾಹಿತಿ, ವಿಚಾರಣೆಗಳಿಗೆ ಕ್ರಮಬದ್ಧವಾಗಿ ಉತ್ತರಿಸುವುದು ಪಠ್ಯಕ್ರಮದೊಳಗೇ ಸೇರಿದವು.

ಮೈಸೂರು, ಮಣಿಪಾಲ, ಬೆಂಗಳೂರು. ಈ ಸಾಲು ನೋಡಿದರೇ ತಿಳಿಯುತ್ತದೆ, ಬೇರು ಬಿಟ್ಟದ್ದು ವೈದ್ಯಕೀಯ ಕಾಲೇಜು ಇದ್ದ ಕಡೆ, ವಾರ್ಡಿನಲ್ಲಿ ರೌಂಡ್ಸ್ ನಡೆಯುವ ಕಡೆ. ಅಲ್ಲಿ ಪ್ರಶ್ನೆ ಕೇಳುವವರು ಹೆಚ್ಚಾಗಿ ವೈದ್ಯರು. ಹುಡುಕಲು ಸಮಯವುಂಟು, ಗ್ರಂಥಾಲಯವುಂಟು, ಪಕ್ಕದಲ್ಲಿ ಪ್ರಾಧ್ಯಾಪಕರುಂಟು. ಮುದ್ದೇಬಿಹಾಳದ ಕಿಟಕಿಯಲ್ಲಿ ಕೇಳುವವರು ರೋಗಿ, ರೋಗಿಯ ಮಗ, ಆಶಾ ಕಾರ್ಯಕರ್ತೆ. ವಿಜಯಪುರ ನಗರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು, ಫಾರ್ಮಸಿ ಕಾಲೇಜು ಇವೆ, ಅಲ್-ಅಮೀನ್ ವೈದ್ಯಕೀಯ ಕಾಲೇಜು ಇದೆ. ಅಂದರೆ ವಿದ್ಯೆ ಜಿಲ್ಲೆಯ ಹೊಸ್ತಿಲವರೆಗೆ ಬಂದಿದೆ. ಉಳಿದಿರುವುದು ತಾಲ್ಲೂಕಿನ ದಾರಿ.

ಕಾನೂನು ಏನನ್ನುತ್ತದೆ? 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡುವುದು ನೋಂದಾಯಿತ ಫಾರ್ಮಾಸಿಸ್ಟನ ಕೆಲಸ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಇನ್ನೂ ಮುಂದೆ ಹೋಗಿ, ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದು ಅವನ ಕರ್ತವ್ಯ ಎಂದಿತು. 1991ರ ಶಿಕ್ಷಣ ನಿಯಮದಲ್ಲಿ ಡಿ.ಫಾರ್ಮ್ ಓದಿದವರು 3 ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆ ಪ್ರಾಯೋಗಿಕ ತರಬೇತಿ ಮುಗಿಸಬೇಕಿತ್ತು, ಅದರಲ್ಲಿ 250 ಗಂಟೆ ನಿಜವಾದ ಚೀಟಿಗಳಿಗೆ ಔಷಧಿ ಕೊಡುವುದರಲ್ಲೇ ಕಳೆಯಬೇಕಿತ್ತು. 2020ರ ಹೊಸ ನಿಯಮ ಪಠ್ಯವನ್ನು ಬಹಳ ಸುಧಾರಿಸಿತು. ಸಮುದಾಯ ಫಾರ್ಮಸಿ, ಆಸ್ಪತ್ರೆ ಮತ್ತು ಕ್ಲಿನಿಕಲ್ ಫಾರ್ಮಸಿ, ಸಾಮಾಜಿಕ ಫಾರ್ಮಸಿ ಈಗ ಡಿಪ್ಲೊಮಾದಲ್ಲೇ ಪಾಠಗಳು. ಪುಸ್ತಕದ ಮಟ್ಟಿಗೆ ನಮ್ಮ ಹುಡುಗರಿಗೆ ಕೊರತೆಯಿಲ್ಲ. ಕೊರತೆ ಇರುವುದು ಆ 500 ಗಂಟೆಗಳಲ್ಲಿ. ರ್‍ಯಾಕಿನಿಂದ ಸ್ಟ್ರಿಪ್ ತೆಗೆಯುವುದು, ಬಿಲ್ ಹೊಡೆಯುವುದು, ಡಬ್ಬಿ ಜೋಡಿಸುವುದು, ಎಕ್ಸ್‌ಪೈರಿ ನೋಡುವುದು, ಶೆಡ್ಯೂಲ್ ಎಚ್-1 ರಿಜಿಸ್ಟರ್ ತುಂಬುವುದು, ಇವೆಲ್ಲ ಕಲಿಯುತ್ತಾರೆ, ಕಲಿಯಲೇಬೇಕು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಗಳ ಲೆಕ್ಕವನ್ನು 3 ವರ್ಷ ಇಟ್ಟುಕೊಳ್ಳಬೇಕು, ತಪ್ಪಿದರೆ ಲೈಸೆನ್ಸಿಗೇ ಸಂಚಕಾರ. ಒಂದು ವಿಚಾರಣೆಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ನಡೆಸಿ, ಬರೆದು, ಹಿರಿಯರಿಗೆ ತೋರಿಸಿ ತಿದ್ದಿಸಿಕೊಂಡವರು ಎಷ್ಟು ಜನ? ಸರ್ಟಿಫಿಕೇಟಿನಲ್ಲಿ ಆ ಕಾಲಮ್ಮೇ ಇಲ್ಲದಿರುವಾಗ ಅದನ್ನು ಕೇಳುವವರೂ ಇಲ್ಲ.

ಸರ್ಕಾರಿ ಆಸ್ಪತ್ರೆಯ ಫಾರ್ಮಸಿ ಅಧಿಕಾರಿಯ ಪಾಡು ಬೇರೆ. ದಾಸ್ತಾನು, ಇಂಡೆಂಟ್, ಆನ್‌ಲೈನ್ ಲೆಕ್ಕ, ಲಸಿಕೆಯ ಫ್ರಿಜ್ಜಿನ ಉಷ್ಣತೆ ಎಲ್ಲವೂ ಅವರ ಮೇಲೆ. ಹೀಗಿದ್ದೂ ಅತಿ ತುರ್ತಿನ ಪ್ರಶ್ನೆಗಳು ಅವರಿಗೇ ಬರುತ್ತವೆ. ಹೊಲದಲ್ಲಿ ಹಾವು ಕಚ್ಚಿದ ಆರು ವರ್ಷದ ಮಗುವನ್ನು ರಾತ್ರಿ ತಂದಾಗ ಹೊಸ ನರ್ಸ್ ಕೇಳುವ ಪ್ರಶ್ನೆ: ವಿಷ ನಿರೋಧಕ ಚುಚ್ಚುಮದ್ದು ಮಗುವಿಗೆ ಎಷ್ಟು ಕಡಿಮೆ ಮಾಡಬೇಕು? ಮಕ್ಕಳಿಗೆ ಎಲ್ಲ ಔಷಧವೂ ತೂಕದ ಲೆಕ್ಕದಲ್ಲಿ ಎಂದು ಕಲಿತವರಿಗೆ ಸಹಜವಾಗಿ ಹೊಳೆಯುವ ಉತ್ತರ ಇಲ್ಲಿ ತಪ್ಪು. ಕಡಿಮೆ ಮಾಡುವಂತಿಲ್ಲ. ಹಾವು ಮಗುವೆಂದು ನೋಡಿ ವಿಷ ಕಡಿಮೆ ಬಿಡುವುದಿಲ್ಲ, ಒಳಗೆ ಹೋದ ವಿಷವನ್ನು ಕಟ್ಟಿಹಾಕಲು ಬೇಕಾಗುವ ಔಷಧ ಅಷ್ಟೇ. ವಿಷದ ಲಕ್ಷಣವಿದ್ದರೆ ಮಗುವಿಗೂ ದೊಡ್ಡವರ ಪ್ರಮಾಣವೇ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಜೋಳ, ತೊಗರಿಯ ಹೊಲಗಳ ಈ ಸೀಮೆಯಲ್ಲಿ ಆ ಒಂದು ಉತ್ತರ ತಕ್ಷಣ, ತಪ್ಪಿಲ್ಲದೆ ಬರಬೇಕು. ದ್ರಾಕ್ಷಿಗೆ ಹೊಡೆಯುವ ಔಷಧಿ ಮೈಮೇಲೆ ಬಿದ್ದವರ, ಕುಡಿದವರ ವಿಷಯದಲ್ಲಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117 ಇದೆ. ಪ್ರತಿ ಆಸ್ಪತ್ರೆಯ ಔಷಧಿ ಕೋಣೆಯ ಗೋಡೆಯ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆದಿಡಬೇಕು.

ಹುಡುಕುವುದು ಎಲ್ಲಿ ಎಂಬ ಪ್ರಶ್ನೆಗೆ ಬರೋಣ. ಇಪ್ಪತ್ತು ವರ್ಷದ ಹಿಂದೆ ಪುಸ್ತಕ ಇಲ್ಲ ಎನ್ನುವುದು ನಿಜವಾದ ಅಡ್ಡಿಯಾಗಿತ್ತು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ತೊಂದರೆ ತಿರುಗುಮುರುಗಾಗಿದೆ. ಗುಳಿಗೆಯ ಹೆಸರು ಹೊಡೆದರೆ ಔಷಧಿ ಮಾರುವ ಆ್ಯಪ್‌ಗಳು ಮೊದಲು ಬರುತ್ತವೆ. ಕಂಪನಿಯ ಎಂ.ಆರ್. ಬಿಟ್ಟುಹೋದ ಬಣ್ಣದ ಕಾರ್ಡು ಕೌಂಟರಿನ ಮೇಲೇ ಇರುತ್ತದೆ. ಎರಡೂ ಮಾರಾಟಕ್ಕಾಗಿ ಬರೆದವು, ಅವುಗಳ ಮೇಲೆ ಭಾರ ಹಾಕಬಾರದು. ಹೊಸಬರಿಗೆ ಹೇಳಿಕೊಡಬೇಕಾದ ಸಾಲು ಹೀಗಿರಲಿ: ಮೊದಲು ಪೊಟ್ಟಣದೊಳಗಿನ ಮಡಿಚಿದ ಕಾಗದ. ಬಳಿಕ ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಹೊರತರುವ ರಾಷ್ಟ್ರೀಯ ಫಾರ್ಮುಲರಿ. 1960ರಲ್ಲಿ ಮೊದಲು ಬಂದ ಅದರ ಆರನೇ ಆವೃತ್ತಿ 2021ರದು. ಕ್ಷಯ, ಎಚ್.ಐ.ವಿ., ಮಲೇರಿಯಾದಂಥವಕ್ಕೆ ಆಯಾ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿ. ಹಾಲುಣಿಸುವ ತಾಯಂದಿರ ಪ್ರಶ್ನೆಗೆ ಅಮೆರಿಕ ಸರ್ಕಾರದ ಲ್ಯಾಕ್ಟ್‌ಮೆಡ್ ಉಚಿತವಾಗಿದೆ. ಎಚ್.ಐ.ವಿ. ಔಷಧಗಳ ಹೊಂದಾಣಿಕೆಗೆ ಲಿವರ್‌ಪೂಲ್ ವಿಶ್ವವಿದ್ಯಾಲಯದ ತಾಣ ಉಚಿತ. ಇಷ್ಟರಲ್ಲಿ ಸಿಗದಿದ್ದಾಗ ಸಂಶೋಧನಾ ಲೇಖನಗಳಿಗೆ ಹೋಗುವುದು. ಎರಡು ಮೂಲಗಳು ಒಂದೇ ಮಾತು ಹೇಳಿದರೆ ಮಾತ್ರ ಉತ್ತರ ಹೊರಗೆ ಹೋಗಬೇಕು.

ಪುಸ್ತಕದಲ್ಲಿರುವ ಉತ್ತರ ಊರಿಗೆ ಹೊಂದದಿರುವ ಸಂದರ್ಭವೂ ಉಂಟು. ಇನ್ಸುಲಿನ್ ನೋಡಿ. ಬಳಸಲು ಶುರು ಮಾಡಿದ ಬಾಟಲಿಯನ್ನು ಸುಮಾರು 4 ವಾರ ಫ್ರಿಜ್ಜಿನ ಹೊರಗೆ ಇಡಬಹುದು ಎಂದು ಕಂಪನಿಯ ಕಾಗದ ಹೇಳುತ್ತದೆ. ಆದರೆ ಅದು 25ರಿಂದ 30 ಡಿಗ್ರಿಯೊಳಗಿನ ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಈ ನಾಲ್ಕೂ ತಾಲ್ಲೂಕುಗಳಲ್ಲಿ 40 ದಾಟುತ್ತದೆ. ಪತ್ರಾಸಿನ ಮನೆಯೊಳಗೆ ಇನ್ನೂ ಹೆಚ್ಚು. ಫ್ರಿಜ್ಜಿಲ್ಲದ ಮನೆಯವರು “ಎಲ್ಲಿಡೂಣ್ರಿ?” ಎಂದರೆ “ಫ್ರಿಜ್ಜಿನಾಗ” ಅನ್ನುವುದು ಉತ್ತರವೇ ಅಲ್ಲ. ಮಣ್ಣಿನ ಗಡಿಗೆಯಲ್ಲಿ ಇನ್ಸುಲಿನ್ ಇಟ್ಟು ಉಷ್ಣತೆ ಅಳೆದ ಅಧ್ಯಯನಗಳಿವೆ. ಗಾಳಿ ಒಣಗಿದಷ್ಟೂ ಗಡಿಗೆ ಚೆನ್ನಾಗಿ ತಂಪಾಗುತ್ತದೆ, ನಮ್ಮ ಬೇಸಿಗೆಯ ಗಾಳಿ ಒಣಗಾಳಿಯೇ. ಒದ್ದೆ ಮರಳಿನ ನಡುವೆ ಗಡಿಗೆ, ಒಳಗೆ ನೀರು ತಾಗದಂತೆ ಡಬ್ಬಿಯಲ್ಲಿ ಬಾಟಲಿ, ನೆರಳಿನಲ್ಲಿ, ಗಾಳಿಯಾಡುವ ಕಡೆ. ಇಷ್ಟನ್ನು ಹುಡುಕಿ ತಿಳಿದು ಹೇಳಿದ ಹುಡುಗಿ ಆ ಮನೆಯವರ ಪಾಲಿಗೆ ಉಪಕಾರ ಮಾಡಿದಂತೆ.

ಇನ್ಸುಲಿನ್ನಿನದೇ ಇನ್ನೊಂದು ಪ್ರಶ್ನೆ ಕೇಳದೆಯೇ ಬರುತ್ತದೆ. ನಮ್ಮಲ್ಲಿ ಬಾಟಲಿಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಪೆನ್ನಿನ ಕಾರ್ಟ್ರಿಜ್‌ಗಳು 100ರವು. ಸಿರಿಂಜಿನಲ್ಲೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜು ಸಿಕ್ಕರೆ, 40ರ ಗೆರೆಯವರೆಗೆ ಎಳೆದರೂ ಒಳಗೆ ಬರುವುದು 16 ಯೂನಿಟ್. ಅಜ್ಜಿ “ಸಕ್ಕರಿ ಇಳೀವಲ್ತು, ಬ್ಯಾರೆ ಔಷಧ ಐತೇನಪಾ?” ಎಂದು ಕೇಳುತ್ತಾಳೆ. “ಆಯಿ, ಸೂಜಿ ಹೆಂಗ ಎಳಕೋತೀರಿ, ಒಂದ್ಸಲ ತೋರಸ್ರಿ” ಅನ್ನುವುದೇ ಇಲ್ಲಿ ಮೊದಲ ಹುಡುಕಾಟ. ಫೋನೂ ಬೇಡ, ಪುಸ್ತಕವೂ ಬೇಡ.

ಮಕ್ಕಳ ಪ್ಯಾರಾಸಿಟಮಾಲ್ ಕೂಡ ಅಂಥದೇ. ಡ್ರಾಪ್ಸ್‌ನಲ್ಲಿ 1 ಮಿಲಿಗೆ 100 ಮಿ.ಗ್ರಾಂ, ಒಂದು ಸಿರಪ್ಪಿನಲ್ಲಿ 5 ಮಿಲಿಗೆ 125, ಇನ್ನೊಂದರಲ್ಲಿ 5 ಮಿಲಿಗೆ 250. ಹತ್ತು ಕಿಲೋ ತೂಕದ ಮಗುವಿಗೆ ಕಿಲೋಗೆ 15ರಂತೆ 150 ಮಿ.ಗ್ರಾಂ ಎಂದುಕೊಂಡರೆ ಡ್ರಾಪ್ಸ್ 1.5 ಮಿಲಿ, ಮೊದಲ ಸಿರಪ್ 6 ಮಿಲಿ, ಎರಡನೆಯದು 3 ಮಿಲಿ. ಮನೆಯಲ್ಲಿ ಮೂರೂ ಬಾಟಲಿ ಇದ್ದು ತಾಯಿ “ಎಷ್ಟ ಹಾಕ್ಲಿ?” ಅಂದಾಗ, ಯಾವ ಬಾಟಲಿ ಎಂದು ಕೇಳದೆ “ಒಂದ್ ಮುಚ್ಚಳ” ಅಂದರೆ ಏನಾಗಬಹುದೆಂದು ಲೆಕ್ಕ ಹಾಕಿ ನೋಡಿ. ತರಬೇತಿಯ ಮೊದಲ ವಾರದಲ್ಲೇ ಈ ಮೂರು ಬಾಟಲಿಗಳನ್ನು ಎದುರಿಗಿಟ್ಟು ಲೆಕ್ಕ ಮಾಡಿಸಬೇಕು.

ಸುದ್ದಿಯಿಂದ ಹುಟ್ಟುವ ಪ್ರಶ್ನೆಗಳ ಬಗ್ಗೆಯೂ ಒಂದು ಮಾತು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಬಂದಾಗ ದೇಶದ ಎಲ್ಲ ಔಷಧಿ ಅಂಗಡಿಗಳ ಮುಂದೆ ತಾಯಂದಿರು ಬಾಟಲಿ ಹಿಡಿದು ನಿಂತರು. ಅವರಿಗೆ ಕೊಡಬೇಕಾದ ಉತ್ತರದಲ್ಲಿ ಎರಡು ಎಳೆಗಳಿದ್ದವು. ಸಾವಿಗೆ ಕಾರಣ ಸಿರಪ್ಪಿನಲ್ಲಿ ಬೆರೆತ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಅದಕ್ಕಾಗಿ ನೋಡಬೇಕಾದದ್ದು ಕಂಪನಿಯ ಹೆಸರು, ಬ್ಯಾಚ್ ನಂಬರು. ಅದರಾಚೆ, ಕಲಬೆರಕೆ ಇಲ್ಲದ ಸಿರಪ್ ಕೂಡ ಸಣ್ಣ ಮಕ್ಕಳಿಗೆ ತಕ್ಕುದಲ್ಲ. 2 ವರ್ಷದೊಳಗಿನವರಿಗೆ ಕೊಡಬಾರದು, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಹಾನಿರ್ದೇಶನಾಲಯ ಆಗ ತಿಳಿಸಿತು. ಬ್ಯಾಚ್ ಬೇರೆ ಎಂದು ನೋಡಿ “ಇದು ಕೊಡಬಹುದು” ಅಂದವರು ಅರ್ಧ ಮಾತ್ರ ಉತ್ತರಿಸಿದಂತಾಯಿತು. ಒಂದು ವರ್ಷ ಮೊದಲು, 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಾಗಿ ಸಲೈನ್ ಬಾಟಲಿಯ ಗುಣಮಟ್ಟ ಚರ್ಚೆಗೆ ಬಂದಾಗಲೂ ಸರ್ಕಾರಿ ಆಸ್ಪತ್ರೆಗಳ ಔಷಧಿ ಕೋಣೆಗಳಲ್ಲಿ ಎದ್ದ ಮೊದಲ ಪ್ರಶ್ನೆ ಬ್ಯಾಚಿನದೇ.

ಅಡ್ಡಪರಿಣಾಮದ ವಿಚಾರಣೆ ಉತ್ತರದೊಂದಿಗೆ ಮುಗಿಯಬಾರದು. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ಯಾವ ಫಾರ್ಮಾಸಿಸ್ಟ್ ಬೇಕಾದರೂ ವರದಿ ಕಳಿಸಬಹುದು. 1800 180 3024ಕ್ಕೆ ಕರೆ ಮಾಡಿದರೂ ಆಯಿತು. ಗುಳಿಗೆ ತಗೊಂಡ ಮೇಲೆ ಮೈಯೆಲ್ಲ ಗಂದೆ ಎದ್ದಿತು ಎಂದು ಬಂದವರಿಗೆ “ಬಿಟ್ಟುಬಿಡ್ರಿ” ಎಂದು ಕಳಿಸುವುದು ವಾಡಿಕೆ. ಆ ಮಾತು ಅಲ್ಲೇ ಮುಗಿದುಹೋಗುತ್ತದೆ, ದೇಶದ ಲೆಕ್ಕಕ್ಕೆ ಸೇರುವುದಿಲ್ಲ.

ಗುಟ್ಟಿನ ಪ್ರಶ್ನೆಗಳು ಸಣ್ಣ ಊರಿನಲ್ಲಿ ಬಹಳ ಕಷ್ಟದವು. ಎಚ್.ಐ.ವಿ. ಚಿಕಿತ್ಸೆಯ ಗುಳಿಗೆಯಲ್ಲಿ ಈಗ ಡೊಲುಟೆಗ್ರವಿರ್ ಇರುತ್ತದೆ. ಬರಿಹೊಟ್ಟೆಯಲ್ಲಿ ಅದರ ಜೊತೆಗೆ ಕಬ್ಬಿಣಾಂಶದ, ಕ್ಯಾಲ್ಸಿಯಂನ ಗುಳಿಗೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಅವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತಗೊಳ್ಳಬೇಕು, ಇಲ್ಲವೇ ಎಲ್ಲವನ್ನೂ ಊಟದ ಜೊತೆಗೆ. ಬಸುರಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಕೊಡುವುದು ಸರ್ಕಾರಿ ಕ್ರಮ. ಆದ್ದರಿಂದ ಈ ಪ್ರಶ್ನೆ ಏಳುವುದು ಖಚಿತ, ಬಾಯಿಬಿಟ್ಟು ಕೇಳುವುದು ಮಾತ್ರ ಅನುಮಾನ. ಹಿಂದೆ ನಿಂತವರು ನೆರೆಯವರೇ ಆಗಿರುತ್ತಾರೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ಗುಟ್ಟು ಕಾಪಾಡುವುದನ್ನು ಕಾನೂನಿನ ಕರ್ತವ್ಯವಾಗಿಸಿದೆ. ಹಿನ್ನೆಲೆ ಕೇಳುವುದನ್ನು ಕಲಿಸುವಾಗಲೇ ದನಿ ತಗ್ಗಿಸಿ ಕೇಳುವುದನ್ನು, “ಸ್ವಲ್ಪ ಈ ಕಡಿ ಬರ್ರಿ ಅಕ್ಕಾರ” ಎಂದು ಬದಿಗೆ ಕರೆಯುವುದನ್ನು, ವಿಚಾರಣೆಯನ್ನು ಬರೆದಿಡುವಾಗ ಹೆಸರು ಬರೆಯದಿರುವುದನ್ನು ಕಲಿಸಬೇಕು.

ಇನ್ನು ಏನು ಮಾಡಬಹುದು? ತಾಲ್ಲೂಕಿಗೊಂದು ಔಷಧ ಮಾಹಿತಿ ಕೇಂದ್ರ ಬೇಕು ಎಂದು ಬೇಡಿಕೆ ಇಡುವುದು ಸುಲಭ. ಅದಕ್ಕೆ ಕಟ್ಟಡ, ಹುದ್ದೆ, ಅನುದಾನ ಎಂದು ವರ್ಷಗಳು ಉರುಳುತ್ತವೆ. ಕೇಂದ್ರಕ್ಕಿಂತ ಮೊದಲು ಬೇಕಾದದ್ದು ಒಂದು ವಹಿ ಮತ್ತು ಅದನ್ನು ಓದುವ ಒಬ್ಬ ಹಿರಿಯರು. ದಿನಕ್ಕೆ ಒಂದೇ ಪ್ರಶ್ನೆ ಸಾಕು. ಕೇಳಿದ್ದು ಏನು, ನಿಜವಾಗಿ ಬೇಕಿದ್ದದ್ದು ಏನು, ಹಿನ್ನೆಲೆ ಏನು, ಎಲ್ಲಿ ನೋಡಿದೆ, ಏನು ಹೇಳಿದೆ, ಆಮೇಲೆ ಏನಾಯಿತು. ತಿಂಗಳಿಗೊಮ್ಮೆ ತಾಲ್ಲೂಕಿನ ಫಾರ್ಮಾಸಿಸ್ಟರು, ಅಂಗಡಿಯವರೂ ಸರ್ಕಾರಿಯವರೂ, ಒಂದು ಮಧ್ಯಾಹ್ನ ಕೂತು ಆ ವಹಿಗಳನ್ನು ಬಿಚ್ಚಬೇಕು. ವಿಜಯಪುರದ ಕಾಲೇಜಿನಿಂದ ಒಬ್ಬ ಅಧ್ಯಾಪಕರು, ತಾಲ್ಲೂಕು ಆಸ್ಪತ್ರೆಯಿಂದ ಒಬ್ಬ ವೈದ್ಯರು ಬರಬೇಕು. ತಪ್ಪಾದ ಉತ್ತರ ಸಿಕ್ಕರೆ ಬೈಯುವಂತಿಲ್ಲ, ಬೈದ ದಿನದಿಂದ ವಹಿಯಲ್ಲಿ ಸರಿಯಾದ ಉತ್ತರಗಳಷ್ಟೇ ಕಾಣಿಸತೊಡಗುತ್ತವೆ. ಡ್ರಗ್ಸ್ ಇನ್‌ಸ್ಪೆಕ್ಟರು ಆ ವಹಿಯನ್ನು ತಪಾಸಣೆಗೆ ಕೇಳಬಾರದೆಂಬ ಭರವಸೆಯೂ ಬೇಕು, ಇಲ್ಲವಾದರೆ ಅಂಗಡಿಯ ಮಾಲೀಕರು ಅದನ್ನು ತೆರೆಯಲು ಬಿಡುವುದಿಲ್ಲ.

ಮಾಲೀಕರ ಮಾತು ಬಂದದ್ದರಿಂದ ಹೇಳಬೇಕು: ಅವರ ಆತಂಕ ಸುಳ್ಳಲ್ಲ. ಗಿರಾಕಿಯನ್ನು ಐದು ನಿಮಿಷ ನಿಲ್ಲಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಹೆದರಿಕೆ ಇದೆ. “ತಿಳಕೊಂಡು ಸಂಜೀಗೆ ಹೇಳ್ತೀನ್ರಿ, ನಂಬರ್ ಕೊಟ್ಟು ಹೋಗ್ರಿ” ಅಂದರೆ ಹುಡುಗನಿಗೆ ಏನೂ ಬರುವುದಿಲ್ಲ ಅಂದುಕೊಂಡಾರು ಎಂಬ ಅಳುಕೂ ಇದೆ. ಆದರೆ ಹೇಳಿದಂತೆ ಸಂಜೆ ಫೋನು ಬಂದ ಮನೆಯವರು ಮತ್ತೆ ಆ ಅಂಗಡಿಗೇ ಬರುತ್ತಾರೆ. ಹೊಸಬರಿಗೆ ಈ ಮಾತು ಆಡುವ ಧೈರ್ಯ ತುಂಬುವುದು ಹಿರಿಯರ ಕೆಲಸ, ಅವರು ಆಡಿದಾಗ ಬೆನ್ನಿಗೆ ನಿಲ್ಲುವುದು ಮಾಲೀಕರ ಕೆಲಸ.

ಕಾಲೇಜುಗಳು ಇಂದೇ ಮಾಡಬಹುದಾದದ್ದು, ತರಬೇತಿಯ ಆ 3 ತಿಂಗಳಲ್ಲಿ ಪ್ರತಿ ವಿದ್ಯಾರ್ಥಿ ಇಪ್ಪತ್ತು ವಿಚಾರಣೆಗಳನ್ನು ಬರೆದು, ತಿದ್ದಿಸಿಕೊಂಡು ಒಪ್ಪಿಸಲಿ ಎಂದು ಕಡ್ಡಾಯ ಮಾಡುವುದು. ಅದರಲ್ಲಿ ಐದಾದರೂ ಕನ್ನಡದಲ್ಲಿ ಇರಲಿ, ಕೇಳಿದವರಿಗೆ ಹೇಳಿದ ಮಾತಿನಲ್ಲೇ. ಇಂಗ್ಲಿಷಿನಲ್ಲಿ ಹುಡುಕಿದ್ದನ್ನು ಇಂಡಿಯ ರೈತನಿಗೆ ತಿಳಿಯುವಂತೆ ಹೇಳುವುದು ಅಭ್ಯಾಸದಿಂದ ಬರುವ ವಿದ್ಯೆ. ಒಂದು ವರ್ಷ ಹೀಗೆ ನಡೆದರೆ ನಾಲ್ಕು ತಾಲ್ಲೂಕುಗಳ ಜನ ಔಷಧದ ಬಗ್ಗೆ ನಿಜವಾಗಿ ಕೇಳುವುದೇನು ಎಂಬ ದಾಖಲೆ ಕೈಗೆ ಬರುತ್ತದೆ. ಯಾವ ತಿಂಗಳು ಇನ್ಸುಲಿನ್ನಿನ ಪ್ರಶ್ನೆ ಹೆಚ್ಚು, ಸೊಲ್ಲಾಪುರದ ಚೀಟಿಗಳಲ್ಲಿ ಗೊಂದಲ ಎಲ್ಲಿ, ಯಾವ ಗುಳಿಗೆಯನ್ನು ಜನ ಎರಡೆರಡು ಹೆಸರಿನಲ್ಲಿ ನುಂಗುತ್ತಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಮರುವರ್ಷದ ಹೊಸಬರ ಪಾಠವನ್ನು ಆ ವಹಿಗಳಿಂದಲೇ ಶುರು ಮಾಡಬಹುದು.